ಸಿದ್ದಿ ಬಂಧುಗಳಿಗೆ ದುರ್ಗದ ಸೀಮೆಯ ಆಮಂತ್ರಣ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಮಹಾಜನರ ಮುಂದೆ ನಾವು ಈ ದಿನ ಒಂದು ಸೂಚನೆಯನ್ನು ಇಡಬಯಸುತ್ತೇವೆ. ವರ್ಷಂಪ್ರತಿ ನವೆಂಬರ್ ತಿಂಗಳಿನ ಒಂದು ಆದಿತ್ಯವಾರದಂದು, ಈ ನಾಲ್ಕು ಊರುಗಳಲ್ಲಿ ಸರದಿಯ ಮೇಲೆ, ಮನೆಮಂದಿಯೆಲ್ಲರೂ ಕೂಡಿ ಬಂದು ನೋಡಿ, ಹಾಡಿ, ಉಂಡು ಹೋಗಬಹುದಾದ ಒಂದು ಕಲಾದಿನವು ನಡೆಯಬೇಕು. ಈ ಸೀಮೆಯ ಎಲ್ಲ ಜನಾಂಗಗಳ ಕಲೆಗಳಿಗೂ ಅದರಲ್ಲಿ ಸ್ಥಾನವಿರಬೇಕು. ಮೊದಲನೆಯ ವರ್ಷದ ಮೊದಲನೆಯ ಆಮಂತ್ರಣವು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಬಂಧುಗಳಿಗೆ ಹೋಗಬೇಕು.

ಸಿದ್ದಿಗಳೆಂದರೆ ಯಾರು, ಅವರಿಗೂ ದುರ್ಗದ ಸೀಮೆಗೂ ಏನು ಸಂಬಂಧ, ಮನೆಯ ಪಕ್ಕದ ಕಲಾವಿದರನ್ನು ಬಿಟ್ಟು ದೂರದವರನ್ನು ಕರೆಯುವುದೇತಕ್ಕೆ ಎಂದು ವಾಚಕರಲ್ಲಿ ಅನೇಕರು ಕೇಳಬಹುದು. ಈ ಪ್ರಶ್ನೆಗಳು ನ್ಯಾಯವಾದವುಗಳೇ. ಅವುಗಳಿಗೆ ನಮ್ಮ ಬುದ್ಧಿಗೆ ತೋರಿದ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶವು.

ಸಿದ್ದಿಗಳು ಯಾರು?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಕಾಡಿನ ಅಂಚಿನ ಹಳ್ಳಿಗಳಲ್ಲಿಯೂ, ಅದಕ್ಕೆ ಹೊಂದಿಕೊಂಡಿರುವ ಧಾರವಾಡ ಬೆಳಗಾವಿ ಜಿಲ್ಲೆಗಳ ಕೆಲವು ಗ್ರಾಮಗಳಲ್ಲಿಯೂ ವಾಸಮಾಡುವ ಈ ಜನರ ಪೂರ್ವಿಕರು ಆಫ್ರಿಕಾ ಖಂಡದವರು. ಕರಿಯ ಮೈಬಣ್ಣ, ಗುಂಗುರು ಕೂದಲು ಇವುಗಳಿಂದ ನೋಡಿದ ಕೂಡಲೇ ಗುರುತು ಹತ್ತತಕ್ಕವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯ ಮಾತಾಗಿ ಅವರಲ್ಲಿ ಬಹುಮಂದಿಗೆ ಕೊಂಕಣಿ ಬೆರೆತ ನುಡಿಯಿದೆ. ಶಾಲೆಯಲ್ಲಿಯೂ ಸಂತೆಯಲ್ಲಿಯೂ ಆಡುವ ಮಾತು ನಾವು ನೀವು ಆಡುವ ಕನ್ನಡವೇ ಆಗಿದೆ. ರಾಜ್ಯದ ಆರು ಕೋಟಿಗೆ ಮೀರಿದ ಜನರ ನಡುವೆ ಅವರ ಸಂಖ್ಯೆಯು ಬಹು ಅಲ್ಪವಾದದ್ದು.

ಅವರು ಇಲ್ಲಿಗೆ ಬಂದ ದಾರಿಯು ಒಂದೇ ಅಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಗೋವೆಯ ಪೇಟೆಯಲ್ಲಿ ದನಗಳನ್ನು ಮಾರುವಂತೆ ಮಾರಿದರು. ಹತ್ತೊಂಬತ್ತನೆಯ ಶತಮಾನದವರೆಗೂ ಈ ವ್ಯಾಪಾರವು ನಡೆದಿತ್ತು. ಒಡೆಯರ ಹಿಂಸೆಯನ್ನು ತಾಳಲಾರದವರು ರಾತ್ರಿಯ ಕತ್ತಲೆಯಲ್ಲಿ ಘಟ್ಟವನ್ನು ಹತ್ತಿ ಕಾಳೀ ನದಿಯ ಸುತ್ತಲಿನ ಅಡವಿಗಳನ್ನು ಸೇರಿಕೊಂಡರು. ಗುಲಾಮನಿಗೆ ಕಾಡೇ ಕೋಟೆಯಾಯಿತು. ಅರಬ್ಬೀ ವರ್ತಕರ ಮೂಲಕ ದಖ್ಖಣದ ಸುಲ್ತಾನರ ಸೈನ್ಯಗಳನ್ನು ಸೇರಿದವರು ಬೇರೊಂದು ಬಗೆಯವರು. ಅವರನ್ನು ಹಬಶಿಗಳೆಂದು ಕರೆಯುತ್ತಿದ್ದರು. ಹಬಶ ಎಂದರೆ ಇಂದಿನ ಇಥಿಯೋಪಿಯ.

ಈ ಹಬಶಿಗಳ ಚರಿತ್ರೆಯು ಗುಲಾಮಗಿರಿಯಲ್ಲಿ ಆರಂಭವಾದರೂ ಗುಲಾಮಗಿರಿಯಲ್ಲಿಯೇ ಮುಗಿಯಲಿಲ್ಲ. 1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಲ್ಪಟ್ಟು, ಕೈಯಿಂದ ಕೈಗೆ ದಾಟಿ ದಖ್ಖಣಕ್ಕೆ ಬಂದ ಮಲಿಕ್ ಅಂಬರನು ಅಹಮದನಗರ ರಾಜ್ಯದ ಸೂತ್ರಧಾರನಾಗಿ, 1626ರಲ್ಲಿ ಸಾಯುವವರೆಗೂ ಮೊಗಲರ ದಂಡುಗಳನ್ನು ತಡೆದು ನಿಲ್ಲಿಸಿದನು. ಖಡ್ಕಿ ಎಂಬ ನಗರವನ್ನು ಕಟ್ಟಿ, ನೆಲದೊಳಗಿನ ಕಾಲುವೆಗಳಿಂದ ಅಲ್ಲಿನ ಮನೆಮನೆಗೆ ನೀರು ಹರಿಯುವಂತೆ ಮಾಡಿದನು. ಆ ನಗರವೇ ಮುಂದೆ ಔರಂಗಾಬಾದೆಂದು ಹೆಸರಾಯಿತು. ನಮ್ಮ ವಿಜಾಪುರದಲ್ಲಿ ಮಹಮ್ಮದ ಆದಿಲಶಾಹನು ಆಳುತ್ತಿದ್ದಾಗ (1627-1656) ಇಖ್ಲಾಸ್ ಖಾನನೆಂಬ ಹಬಶಿ ಸರದಾರನು ಆ ದರ್ಬಾರಿನ ಅಗ್ರಗಣ್ಯ ಮಂತ್ರಿಗಳಲ್ಲಿ ಒಬ್ಬನಾಗಿದ್ದನು. ಆ ಕಾಲದ ಚಿತ್ರಗಾರರು ಬರೆದ ಅವನ ಭಾವಚಿತ್ರಗಳು ಇಂದಿಗೂ ಉಳಿದಿವೆ. ಹಿರಿಯೂರಿನಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಸಿರಾ ಪಟ್ಟಣವು ವಿಜಾಪುರದವರ ಕೈಸೇರಿದ್ದು ಇದೇ ಆಳಿಕೆಯಲ್ಲಿ. ಹೀಗೆ ನಮ್ಮ ಹೆಬ್ಬಾಗಿಲಿನವರೆಗೂ ಚಾಚಿದ್ದ ಒಂದು ಪ್ರಭುತ್ವದ ಆಲೋಚನೆಯ ಕೊಠಡಿಯಲ್ಲಿ ಆಫ್ರಿಕದ ರಕ್ತದ ಮಂತ್ರಿಯೊಬ್ಬನು ಕುಳಿತಿದ್ದನೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

ದುರ್ಗದವರಿಗೆ ಏನು ಸಂಬಂಧ?

ಸೆರೆ ಹೋಗುವುದೆಂದರೇನು, ಹುಟ್ಟಿದ ಮಣ್ಣಿನಿಂದ ಬೇರು ಸಹಿತ ಕೀಳಲ್ಪಡುವುದೆಂದರೇನು ಎಂಬುದು ದುರ್ಗದ ಜನರಿಗೆ ತಿಳಿಯದ ಸಂಗತಿಯಲ್ಲ. 1779ರಲ್ಲಿ ಹೈದರಾಲಿಯು ಚಿತ್ರದುರ್ಗದ ಕೋಟೆಯನ್ನು ಹಿಡಿದಾಗ ಕಡೆಯ ಪಾಳೆಯಗಾರ ಮದಕರಿನಾಯಕನೂ ಅವನ ಪರಿವಾರವೂ ಶ್ರೀರಂಗಪಟ್ಟಣದ ಸೆರೆಗೆ ಹೋದರು. ಅಷ್ಟಕ್ಕೇ ಮುಗಿಯದೆ, ಇಪ್ಪತ್ತು ಸಾವಿರ ಮಂದಿ ಬೇಡರನ್ನು ಊರು ಬಿಡಿಸಿ ಆ ದ್ವೀಪಕ್ಕೆ ಸಾಗಿಸಲಾಯಿತೆಂದೂ, ಅವರಲ್ಲಿನ ಬಾಲಕರನ್ನು ಆರಿಸಿ ಮತಾಂತರಗೊಳಿಸಿ ಚೇಲಾ ಪಡೆಗಳನ್ನು ಕಟ್ಟಲಾಯಿತೆಂದೂ ಮೈಸೂರಿನ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಒನಕೆ ಓಬವ್ವನ ಶೌರ್ಯವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಹೇಳತಕ್ಕದ್ದೇ ಸರಿ. ಆದರೆ ತಾಯಂದಿರ ಮಡಿಲಿನಿಂದ ಕಿತ್ತು ಒಯ್ಯಲ್ಪಟ್ಟು ಬೇರೆ ಹೆಸರು, ಬೇರೆ ಧರ್ಮ, ಬೇರೆ ಒಡೆಯನನ್ನು ಪಡೆದ ಆ ದುರ್ಗದ ಹುಡುಗರನ್ನು ನೆನೆಯುವವರು ಎಷ್ಟು ಮಂದಿ? ಹಬಶ ದೇಶದಿಂದ ಬಾಲ್ಯದಲ್ಲಿ ಮಾರಲ್ಪಟ್ಟು ಸಿಪಾಯಿಗಳಾದ ಹುಡುಗರ ಕಥೆಯೂ ಅದೇ ಕಥೆಯಾಗಿದೆ. ಸಮುದ್ರವೊಂದು ನಡುವೆ ಇದ್ದದ್ದು ಮಾತ್ರವೇ ವ್ಯತ್ಯಾಸವು. ದುರ್ಗದ ಮನೆಗಳಲ್ಲಿ ಸಿದ್ದಿಗಳ ಕಥೆಯನ್ನು ಕೇಳುವ ಕಿವಿಯು ಇರಲೇಬೇಕೆಂದು ನಾವು ನಂಬುವುದು ಈ ಕಾರಣದಿಂದ.

ಎರಡನೆಯ ಸಂಬಂಧವು ಕರ್ನಾಟಕದ ಏಕೀಕರಣದ್ದು. ಚಿತ್ರದುರ್ಗದಲ್ಲಿ ವಕೀಲರಾಗಿದ್ದು ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದ ಶ್ರೀ ಎಸ್. ನಿಜಲಿಂಗಪ್ಪನವರು 1956ರ ನವೆಂಬರ್ 1ರಂದು ಉದಯವಾದ ವಿಶಾಲ ಮೈಸೂರು ರಾಜ್ಯದ ಮೊದಲನೆಯ ಮುಖ್ಯಮಂತ್ರಿಗಳಾದರು. ಅಲ್ಲಿಯವರೆಗೆ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು, ಚಿತ್ರದುರ್ಗವು ಮೈಸೂರಿನಲ್ಲಿತ್ತು. ಆ ದಿನದಿಂದ ಯಲ್ಲಾಪುರದ ಸಿದ್ದಿಯೂ ಹೊಳಲ್ಕೆರೆಯ ರೈತನೂ ಒಂದೇ ರಾಜ್ಯದ ಪ್ರಜೆಗಳಾದರು. ಕನ್ನಡಿಗರೆಲ್ಲರೂ ಒಂದು ಮನೆಯವರಾಗಬೇಕೆಂದು ನಮ್ಮ ಹಿರಿಯರು ಸೆರೆಮನೆಗೆ ಹೋದರು, ಊರೂರು ತಿರುಗಿದರು, ಕೈಯ ಹಣವನ್ನು ಕಳೆದುಕೊಂಡರು. ಭೂಪಟದ ಗೆರೆಗಳು ಅವರ ಇಚ್ಛೆಯಂತೆ ಅಳಿಸಿಹೋದವು. ಆದರೆ ಅಷ್ಟು ಕಷ್ಟಪಟ್ಟು ಕೂಡಿಸಿದ ಮನೆಯೊಳಗಿನ ಒಬ್ಬ ಸಹೋದರನು ದಾವಣಗೆರೆಯ ರೈಲು ನಿಲ್ದಾಣದಲ್ಲಿಯೋ ಚಿತ್ರದುರ್ಗದ ಬಸ್ಸಿನಲ್ಲಿಯೋ ಕಂಡಾಗ, ಅವನನ್ನು ಯಾವ ದೇಶದವನೆಂದು ನಾವು ಕೇಳುವುದಾದರೆ, ಏಕೀಕರಣದ ಕಾರ್ಯವು ಮುಗಿದಿದೆಯೆಂದು ಹೇಳಬಹುದೆ?

ಈ ಪ್ರಶ್ನೆಯನ್ನು ಸಿದ್ದಿ ಯುವಕರು ತಮ್ಮ ಕಾಡನ್ನು ಬಿಟ್ಟು ಹೊರಟಾಗಲೆಲ್ಲ ಎದುರಿಸುತ್ತಾರೆ. ಶುದ್ಧವಾದ ಕನ್ನಡದಲ್ಲಿ ಉತ್ತರ ಕೊಟ್ಟರೆ, ಕೇಳಿದವರು ಕನ್ನಡವನ್ನು ಎಲ್ಲಿ ಕಲಿತಿರೆಂದು ಆಶ್ಚರ್ಯಪಡುತ್ತಾರೆ. ನಾನೂರು ವರ್ಷಗಳಿಂದ ಈ ನೆಲದ ಅನ್ನವನ್ನು ಉಂಡ ವಂಶದವನಿಗೆ ಇದಕ್ಕಿಂತ ನೋಯುವ ಮೆಚ್ಚುಗೆ ಮತ್ತೊಂದಿಲ್ಲ.

ಬಣ್ಣದ ಮಾತು

ಕರುನಾಡೆಂದರೆ ಕರಿಯ ಮಣ್ಣಿನ ನಾಡೆಂದು ಅರ್ಥ ಹೇಳುವ ಪಂಡಿತರುಂಟು. ಹಿರಿಯೂರಿನ ಎರೆಮಣ್ಣಿನ ಹೊಲವನ್ನು ಕಂಡವರಿಗೆ ಆ ಅರ್ಥವು ರುಚಿಸದೆ ಇರದು. ನಮ್ಮ ಸೀಮೆಯಲ್ಲಿ ದೇವರ ಕಾರ್ಯಕ್ಕೆ ಹಾಸುವುದು ಕರಿಯ ಕಂಬಳಿಯ ಗದ್ದುಗೆಯನ್ನು. ನಮ್ಮ ಕೃಷ್ಣನೂ ಕರಿಯನೇ. ಹೀಗಿದ್ದೂ, ಮಗುವು ಹುಟ್ಟಿದ ಮನೆಗೆ ಹೋದವರು ಮೊದಲು ಕೇಳುವುದು ಮಗುವಿನ ಬಣ್ಣವನ್ನು. ಕನ್ಯೆಯನ್ನು ನೋಡಲು ಬಂದವರು ಮನೆಗೆ ಹಿಂದಿರುಗಿ ಹೇಳುವುದು, ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆಂಬ ಮಾತನ್ನು. ಆ ಒಂದು "ಆದರೂ" ಎಂಬುದರಲ್ಲಿ ಎಷ್ಟು ಹೆಣ್ಣುಮಕ್ಕಳ ಕಣ್ಣೀರು ಅಡಗಿದೆಯೋ ಲೆಕ್ಕವಿಟ್ಟವರಿಲ್ಲ. ಈ ಪಾಠವನ್ನು ಮಕ್ಕಳು ಶಾಲೆಯಲ್ಲಿ ಕಲಿಯುವುದಿಲ್ಲ. ಅಡುಗೆಯ ಮನೆಯಲ್ಲಿಯೂ ಜಗಲಿಯ ಮೇಲೆಯೂ ಹಿರಿಯರ ಬಾಯಿಂದಲೇ ಕಲಿಯುತ್ತಾರೆ. ಆದುದರಿಂದಲೇ ನಾವು ಸೂಚಿಸುವ ದಿನವು ವಿದ್ಯಾರ್ಥಿಗಳ ದಿನವಾಗಿರದೆ ಕುಟುಂಬದ ದಿನವಾಗಿರಬೇಕು. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಬಂದು ಕುಳಿತರೆ, ಅಜ್ಜಿಯು ಹೇಳಿಕೊಟ್ಟದ್ದನ್ನು ಅಜ್ಜಿಯೇ ತಿದ್ದಲು ಅವಕಾಶವಾದೀತು.

ಇದು ಬರಿಯ ಮನಸ್ಸಿನ ನೋವಿನ ವಿಷಯವೆಂದು ಯಾರೂ ತಿಳಿಯಬಾರದು. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ಒಬ್ಬನು ಓಡಿಸುತ್ತಿದ್ದ ಕಾರು ತಗುಲಿ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ಮೇಲೆ ಆ ಮಾರ್ಗವಾಗಿ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಜನರ ಗುಂಪು ಹೊಡೆದು ಅವಮಾನಿಸಿತು, ಅವಳಿದ್ದ ಕಾರಿಗೆ ಬೆಂಕಿಯಿಟ್ಟಿತು. ಸುಡಾನ್ ಎಲ್ಲಿ, ಟಾಂಜಾನಿಯ ಎಲ್ಲಿ? ಆ ಗುಂಪಿಗೆ ದೇಶಗಳ ಭೇದವಾಗಲಿ ಮನುಷ್ಯರ ಭೇದವಾಗಲಿ ಕಾಣಿಸಲಿಲ್ಲ, ಬಣ್ಣವೊಂದೇ ಕಾಣಿಸಿತು. ಆ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಮುಂಡಗೋಡದ ಸಿದ್ದಿ ಹುಡುಗಿಯೊಬ್ಬಳು ಹೋಗುತ್ತಿದ್ದರೆ ಅವಳ ಗತಿಯು ಏನಾಗುತ್ತಿತ್ತೆಂದು ಊಹಿಸಿದರೆ ಮೈ ನಡುಗುತ್ತದೆ.

ಭಾರತವು ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ದೇಶವಾಗಿದೆ. ಗಾಂಧೀಜಿಯವರು 1893ರಿಂದ 1914ರವರೆಗಿನ ತಮ್ಮ ಜೀವನದ ಬಹುಭಾಗವನ್ನು ದಕ್ಷಿಣ ಆಫ್ರಿಕದಲ್ಲಿ ಕಳೆದು ಸತ್ಯಾಗ್ರಹವೆಂಬ ಅಸ್ತ್ರವನ್ನು ಅಲ್ಲಿಯೇ ರೂಪಿಸಿದರು. 1946ರಲ್ಲಿ, ಸ್ವಾತಂತ್ರ್ಯವು ಇನ್ನೂ ಕೈಗೆ ಬಾರದಿದ್ದಾಗಲೇ, ನಮ್ಮ ದೇಶವು ದಕ್ಷಿಣ ಆಫ್ರಿಕದೊಡನೆ ವ್ಯಾಪಾರವನ್ನು ಕಡಿದುಕೊಂಡು ಅಲ್ಲಿನ ವರ್ಣಭೇದದ ವಿಷಯವನ್ನು ಸಂಯುಕ್ತ ರಾಷ್ಟ್ರಸಂಸ್ಥೆಯ ಮುಂದೆ ಇಟ್ಟಿತು. ಅದೇ ವರ್ಷ ಡಾಕ್ಟರ್ ಅಂಬೇಡ್ಕರರು ಅಮೆರಿಕೆಯ ಕರಿಯರ ನಾಯಕ ಡುಬಾಯ್ಸರಿಗೆ ಪತ್ರ ಬರೆದು, ಅವರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯವನ್ನು ಎತ್ತಿ ತೋರಿಸಿದರು. 1990ರಲ್ಲಿ ನೆಲ್ಸನ್ ಮಂಡೇಲರಿಗೆ ಭಾರತರತ್ನವನ್ನು ಅರ್ಪಿಸಿದೆವು. ಹೊರಗಿನ ವರ್ಣಭೇದವನ್ನು ಖಂಡಿಸಿದ ನಾಲಗೆಯು ಮನೆಯೊಳಗಿನದನ್ನು ಕಂಡು ಸುಮ್ಮನಿರುವುದಾದರೆ ಆ ಖಂಡನೆಗೆ ಬೆಲೆಯೆಲ್ಲಿಯದು?

ಅಮೆರಿಕೆಯ ಕರಿಯರು ತಮ್ಮ ಚರಿತ್ರೆಯನ್ನು ತಾವೇ ಎತ್ತಿಕೊಂಡ ರೀತಿಯು ಇಲ್ಲಿ ನೆನೆಯತಕ್ಕದ್ದಾಗಿದೆ. ಗುಲಾಮರಾಗಿದ್ದ ತಂದೆತಾಯಿಗಳ ಮಗನಾದ ಕಾರ್ಟರ್ ವುಡ್‌ಸನ್ ಎಂಬ ವಿದ್ವಾಂಸರು 1926ರ ಫೆಬ್ರವರಿಯಲ್ಲಿ ಕರಿಯರ ಚರಿತ್ರೆಗಾಗಿ ಒಂದು ವಾರವನ್ನು ಮೀಸಲಿಡುವ ಪದ್ಧತಿಯನ್ನು ಆರಂಭಿಸಿದರು. ಐವತ್ತು ವರ್ಷಗಳ ತರುವಾಯ, 1976ರಲ್ಲಿ, ಅದು ಇಡೀ ತಿಂಗಳ ಆಚರಣೆಯಾಯಿತು. ಅಲ್ಲಿನ ಊರೂರುಗಳಲ್ಲಿ ಆ ನಿಮಿತ್ತವಾಗಿ ತಂದೆತಾಯಿಗಳೂ ಮಕ್ಕಳೂ ಕೂಡಿ ವಾದ್ಯ ಬಾರಿಸುವ, ಕಥೆ ಕೇಳುವ, ಬಟ್ಟೆ ಹೊಲಿಯುವ ದಿನಗಳು ನಡೆಯುತ್ತವೆ. ಒಂದು ವಾರದಿಂದ ಮೊದಲಾದದ್ದು ಒಂದು ದೇಶದ ಪದ್ಧತಿಯಾದೀತೆಂಬುದಕ್ಕೆ ಇದು ಸಾಕಾದ ನಿದರ್ಶನವು.

ಕೌದಿ, ದಮಾಮಿ, ನಾಟಕ

ಸಿದ್ದಿಗಳು ಬಂದರೆ ನಮಗೆ ಏನನ್ನು ತರುವರು? ಮೊದಲನೆಯದಾಗಿ ಕೌದಿಯನ್ನು ಹೇಳುತ್ತೇವೆ. ಹೊಸದುರ್ಗ ಹೊಳಲ್ಕೆರೆಗಳ ಅಜ್ಜಿಯರಿಗೆ ಕೌದಿಯನ್ನು ಕುರಿತು ನಾವು ಹೇಳಬೇಕಾದ್ದೇನೂ ಇಲ್ಲ. ಹರಿದ ಸೀರೆ, ಮಾಸಿದ ಪಂಚೆ, ಮಗುವಿಗೆ ಗಿಡ್ಡವಾದ ಲಂಗ ಇವನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ದಾರ ಓಡಿಸಿ, ಚಳಿಗಾಲಕ್ಕೆ ಮನೆಮಂದಿಗೆಲ್ಲ ಹೊದಿಕೆಯನ್ನು ಮಾಡಿಕೊಟ್ಟವರು ಅವರು. ಸಿದ್ದಿ ಹೆಂಗಸರೂ ಇದನ್ನೇ ಮಾಡುತ್ತಾರೆ. ಅವರ ಬಾಯಲ್ಲಿ ಅದು ಕವಂದಿಯಾಗಿದೆ. ಅಂಚಿನ ಒಂದು ಮೂಲೆಯಿಂದ ಹಿಡಿದು ಸುತ್ತಲೂ ಹೊಲಿಯುತ್ತ ಹೊಲಿಯುತ್ತ ನಟ್ಟನಡುವಿಗೆ ಬಂದು ಮುಗಿಸುವುದು ಅವರ ಕ್ರಮವು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಒಂದೊಂದು ಹೂವನ್ನು ಕೂಡಿಸುತ್ತಾರೆ. ಹೂವಿಲ್ಲದ ಕವಂದಿಯು ಅವರ ಕಣ್ಣಿಗೆ ಬತ್ತಲೆ ಇದ್ದಂತೆ. ಬಣ್ಣಗಳನ್ನು ಜೋಡಿಸುವ ಅವರ ಧೈರ್ಯವನ್ನು ಕಂಡು ಆಫ್ರಿಕದ ಕಲೆಯನ್ನು ಬಲ್ಲ ವಿದ್ವಾಂಸರು ಬೆರಗಾಗಿದ್ದಾರೆ. ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಈ ಹೆಂಗಸರ ಸಹಕಾರ ಸಂಘವೊಂದು ಏರ್ಪಟ್ಟು, ಅವರ ಕೌದಿಗಳು ವಿದೇಶದ ವಸ್ತುಪ್ರದರ್ಶನಾಲಯಗಳಲ್ಲಿಯೂ ತೂಗಿದವು. ಸಮುದ್ರದಾಚೆಯವರು ಗೋಡೆಗೆ ತೂಗಿ ನೋಡಿದ ಕೆಲಸವನ್ನು ಕನ್ನಡ ನಾಡಿನ ಒಂದು ಜಿಲ್ಲೆಯವರು ಕಣ್ಣಾರೆ ಕಂಡಿಲ್ಲವೆಂಬುದು ನಮಗೆ ಶೋಭಿಸುವ ಮಾತಲ್ಲ. ಹೊಸದುರ್ಗದ ಅಜ್ಜಿಯೊಬ್ಬರೂ ಯಲ್ಲಾಪುರದ ಸಿದ್ದಿ ಅಜ್ಜಿಯೊಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸಿದರೆ, ಅವರಿಬ್ಬರ ನಡುವೆ ಭಾಷಣಕಾರರ ಅಗತ್ಯವೇ ಬೀಳದು. ಅಂಚುಗಳನ್ನು ಹೇಗೆ ಮಡಿಸುವಿರೆಂದು ಒಬ್ಬರು ಕೇಳುವರು, ಮತ್ತೊಬ್ಬರು ತೋರಿಸುವರು. ಅಷ್ಟರಲ್ಲಿ ಮಕ್ಕಳು ಸುತ್ತಲೂ ಕೂಡಿರುತ್ತಾರೆ.

ಎರಡನೆಯದು ದಮಾಮಿ. ತೊಗಲು ಬಿಗಿದ ಮರದ ವಾದ್ಯದ ಲಯಕ್ಕೆ ಹೆಂಗಸರೂ ಗಂಡಸರೂ ಕೂಡಿ ಹಾಡಿ ಕುಣಿಯುವ ಈ ಕಲೆಯು ಸುಗ್ಗಿಗೂ ಮದುವೆಗೂ ಸೇರಿದ್ದು. ದುರ್ಗದ ಸೀಮೆಯು ವಾದ್ಯಕ್ಕೆ ಬಡವಾದದ್ದಲ್ಲ. ನಮ್ಮ ಉರುಮೆಯ ಗುಂಗು, ತಮಟೆಯ ಬಿರುಸು, ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಗೆ ಹಿಡಿಯುವ ಗಣೆಯ ನಾದ, ವೀರಗಾಸೆಯವರ ಕರಡೆ, ಲಂಬಾಣಿ ತಾಂಡಾಗಳ ಹೆಂಗಸರು ವರ್ತುಲವಾಗಿ ನಿಂತು ಹೇಳುವ ಹಾಡು ಇವೆಲ್ಲ ಒಂದೇ ಬಯಲಿನಲ್ಲಿ ಕೇಳಿಬಂದರೆ ಅದೇ ಒಂದು ಮಹೋತ್ಸವವು. ಅಕ್ಷರವನ್ನರಿಯದೆ ಸಾವಿರಾರು ಪದಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಸಿರಿಯಜ್ಜಿಯವರನ್ನು ಪಡೆದ ಜಿಲ್ಲೆಯಿದು. ಇಂತಹ ಜಿಲ್ಲೆಯ ಕಲಾವಿದರ ಪಕ್ಕದಲ್ಲಿ ದಮಾಮಿಯವರು ನಿಂತರೆ ಯಾರ ಕಲೆಯೂ ಕುಂದುವುದಿಲ್ಲ. ಒಬ್ಬರ ಪೆಟ್ಟನ್ನು ಮತ್ತೊಬ್ಬರು ಆಲಿಸಿ ತಮ್ಮ ಕೈಯನ್ನು ಹದಗೊಳಿಸಿಕೊಳ್ಳುವರು.

ಮೂರನೆಯದು ರಂಗಭೂಮಿ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಗೆ ಹೋಗಿ ಅಲ್ಲಿನ ಸಿದ್ದಿಗಳೊಡನೆ ನಾಟಕವನ್ನು ಕಟ್ಟಿದರು. ಅವರು ಆರಿಸಿಕೊಂಡ ವಸ್ತುವು ನೈಜೀರಿಯದ ಚಿನುವ ಅಚಿಬೆಯವರ ಪ್ರಸಿದ್ಧ ಕಾದಂಬರಿಯಾಗಿತ್ತು. ಪೂರ್ವಿಕರ ಖಂಡದ ಕಥೆಯು ಮೊಮ್ಮಕ್ಕಳ ಬಾಯಲ್ಲಿ ಕನ್ನಡವಾಗಿ ಹೊರಟದ್ದು ನಮ್ಮ ನಾಡಿನ ರಂಗಭೂಮಿಯ ಚರಿತ್ರೆಯಲ್ಲಿ ಒಂದು ಅಪೂರ್ವ ಪ್ರಸಂಗವು. ಆ ಊರಿನ ಕಡೆಯಿಂದಲೇ ಬಂದ ಪ್ರಶಾಂತ ಸಿದ್ದಿಯವರು ಇಂದು ಕನ್ನಡ ಚಲಚ್ಚಿತ್ರಗಳಲ್ಲಿ ಮನೆಮಾತಾದ ನಟರಾಗಿದ್ದಾರೆ. ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇವರು ರಂಗಭೂಮಿಯಲ್ಲಿ ಹೆಸರು ಪಡೆದಿದ್ದಾರೆ. ನಮ್ಮಲ್ಲಿಯೂ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳವರು 1987ರಲ್ಲಿ ಶಿವಕುಮಾರ ಕಲಾಸಂಘವನ್ನು ಕಟ್ಟಿ, 1997ರಿಂದ ಶಿವಸಂಚಾರವೆಂಬ ತಿರುಗಾಟದ ನಾಟಕ ಮಂಡಲಿಯನ್ನು ನಡೆಯಿಸುತ್ತ ಬಂದಿದ್ದಾರೆ. ಹಳ್ಳಿಯ ರೈತರು ಹೆಂಡತಿ ಮಕ್ಕಳೊಡನೆ ಬಂದು ಮೆಟ್ಟಲುಗಳ ಮೇಲೆ ಕುಳಿತು ನಡುರಾತ್ರಿಯವರೆಗೆ ನಾಟಕ ನೋಡುವ ಬಯಲು ರಂಗಮಂದಿರವು ಅಲ್ಲಿದೆ. ಕುಟುಂಬದ ಕಲಾದಿನಕ್ಕೆ ಇದಕ್ಕಿಂತ ತಕ್ಕ ಸ್ಥಳವು ಈ ಸೀಮೆಯಲ್ಲಿ ಮತ್ತೊಂದಿಲ್ಲ. ಹೊಸದುರ್ಗದ ಸರದಿಯ ವರ್ಷದಲ್ಲಿ ಅಲ್ಲಿಯೇ ಈ ದಿನವು ನಡೆಯಬೇಕೆಂಬುದು ನಮ್ಮ ಆಶೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಯಲ್ಲಾಪುರದ ಕಡೆ ಸಿದ್ದಿಗಳು ತಮ್ಮ ಹಿರಿಯರನ್ನು ನೆನೆದು ನಡೆಸುವ ಸಿದ್ದಿನಾಸದ ಪೂಜೆಗೆ ಹಿಂದೂ, ಮುಸಲ್ಮಾನ, ಕ್ರೈಸ್ತ ಸಿದ್ದಿಗಳು ಕೂಡಿ ಬರುತ್ತಾರೆ. ಮತಗಳು ಮೂರಾದರೂ ಹಿರಿಯರು ಒಬ್ಬರೇ ಎಂಬ ಭಾವನೆಯು ಅವರನ್ನು ಕಟ್ಟಿಹಾಕಿದೆ. ಒಂದು ಹಟ್ಟಿಯವರು ಮತ್ತೊಂದು ಹಟ್ಟಿಯ ಬಾವಿಯ ಕಡೆ ನೋಡದ ಊರುಗಳನ್ನು ಬಲ್ಲ ನಾವು ಅವರಿಗೆ ಏನನ್ನು ಕಲಿಸಬಲ್ಲೆವೋ ತಿಳಿಯದು. ಅವರಿಂದ ಕಲಿಯಬೇಕಾದ್ದಂತೂ ಇದೆ.

ಹೇಗೆ ಕರೆಯಬೇಕು?

ಕರೆಯುವ ರೀತಿಯಲ್ಲಿಯೇ ಕಾರ್ಯದ ಗೌರವವೂ ಅಗೌರವವೂ ಇರುತ್ತದೆ. ಈ ಹಿಂದೆ ಸಿದ್ದಿಗಳನ್ನು ಕರೆದವರು ಇಲ್ಲದೆ ಇಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು, ಆಫ್ರಿಕದ ರಕ್ತದವರು ಓಟದಲ್ಲಿ ಪದಕಗಳನ್ನು ತರುವರೆಂಬ ಎಣಿಕೆಯಿಂದ, ಸಿದ್ದಿ ಬಾಲಕ ಬಾಲಕಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕಮಲಾ ಮಿಂಗೇಲ್ ಸಿದ್ದಿ, ಫಿಲಿಪ್ ಆಂಟನಿ ಸಿದ್ದಿ ಮೊದಲಾದವರು ದೇಶದ ಮಟ್ಟದಲ್ಲಿ ಕೀರ್ತಿಯನ್ನೂ ಸಂಪಾದಿಸಿದರು. ಆರೇಳು ವರ್ಷಗಳೊಳಗಾಗಿ ಆ ಯೋಜನೆಯು ನಿಂತುಹೋಯಿತು. ಅನೇಕ ಮಕ್ಕಳು ತಮ್ಮ ಕಾಡಿಗೂ ಹೊಲಕ್ಕೂ ಹಿಂದಿರುಗಿದರು. ಅವರ ಕಾಲುಗಳ ಮೇಲೆ ಇಟ್ಟ ಕಣ್ಣನ್ನು ಅವರ ಬಾಳಿನ ಮೇಲೆಯೂ ಇಟ್ಟಿದ್ದರೆ ಆ ಕಥೆಯು ಬೇರೆಯಾಗುತ್ತಿತ್ತು. ಹಾಗೆಯೇ ಉತ್ಸವಗಳ ಮೆರವಣಿಗೆಗೆ ಕರೆದು, ಕುಣಿಸಿ, ಚಪ್ಪಾಳೆ ತಟ್ಟಿ, ವೇದಿಕೆಯ ಹಿಂದೆ ಎಲೆಯಡಿಕೆ ಕೊಟ್ಟು ಕಳುಹಿಸಿಬಿಡುವ ಪದ್ಧತಿಯೂ ನಮ್ಮಲ್ಲಿದೆ. ಮೃಗಾಲಯವನ್ನು ನೋಡುವ ಕಣ್ಣಿನಿಂದ ಮನುಷ್ಯನನ್ನು ನೋಡಿದರೆ ಅದು ಕಲೆಗೆ ತೋರಿಸಿದ ಗೌರವವಾಗದು.

ಆದುದರಿಂದ ನಮ್ಮ ಸೂಚನೆಗೆ ಕೆಲವು ನಿಯಮಗಳನ್ನು ಕೂಡಿಸುತ್ತೇವೆ. ಬರುವವರಿಗೆ ಪ್ರಯಾಣದ ವೆಚ್ಚವನ್ನೂ ತಕ್ಕ ಸಂಭಾವನೆಯನ್ನೂ ಮೊದಲೇ ಗೊತ್ತುಮಾಡಿ ತಿಳಿಸಬೇಕು, ಅದೇ ದಿನ ಕೈಗೆ ಸಲ್ಲಿಸಬೇಕು. ಅವರನ್ನು ಛತ್ರದ ಹಿಂಭಾಗದಲ್ಲಿ ಇಳಿಸದೆ, ಊರಿನ ಮನೆಗಳವರು ಒಂದೊಂದು ಕುಟುಂಬವನ್ನು ತಮ್ಮ ಮನೆಗೆ ಅತಿಥಿಗಳಾಗಿ ಕರೆದುಕೊಂಡು ಹೋಗಬೇಕು. ಸೊಪ್ಪು ಸದೆ ಉಡಿಸಿ, ಮುಖಕ್ಕೆ ಬಣ್ಣ ಬಳಿಸಿ, ಕಾಡುಜನರೆಂದು ತೋರಿಸುವ ಹುಚ್ಚಾಟಕ್ಕೆ ಎಡೆಗೊಡಕೂಡದು. ಅವರು ತಮ್ಮ ಮದುವೆಯಲ್ಲಿ ಉಡುವುದನ್ನೇ ಉಟ್ಟು ಬರಲಿ. ಪ್ರತಿಯೊಬ್ಬ ಕಲಾವಿದರನ್ನೂ ಅವರ ಹೆಸರು ಹಿಡಿದು ಸಭೆಗೆ ಪರಿಚಯಮಾಡಿಕೊಡಬೇಕು. ಅವರ ಚರಿತ್ರೆಯನ್ನು ಹೇಳುವ ಕೆಲಸವನ್ನು ನಮ್ಮ ಭಾಷಣಕಾರರು ವಹಿಸಿಕೊಳ್ಳದೆ ಅವರಲ್ಲಿಯೇ ಒಬ್ಬ ವಿದ್ಯಾವಂತರಿಗೆ ಒಪ್ಪಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಧ್ಯಾಹ್ನದ ಊಟವು ಒಂದೇ ಪಂಕ್ತಿಯಲ್ಲಿ ನಡೆಯಬೇಕು. ಸಿದ್ದಿಗಳೂ, ಗೊಲ್ಲರ ಹಟ್ಟಿಯವರೂ, ತಾಂಡಾದವರೂ, ಉರುಮೆ ತಮಟೆಯವರೂ, ಪೇಟೆಯ ವರ್ತಕರೂ, ಅಧಿಕಾರಿಗಳೂ ಸಾಲಾಗಿ ಕುಳಿತು ಉಣ್ಣಬೇಕು. ಕಲ್ಯಾಣದ ಶರಣರ ಮಹಾಮನೆಯ ಹೆಸರನ್ನು ಹೇಳಿ ಬಾಳುತ್ತಿರುವ ಮಠಗಳ ಸೀಮೆಯಿದು. ಇಲ್ಲಿ ಇಷ್ಟು ಆಗದಿದ್ದರೆ ಮತ್ತೆಲ್ಲಿ ಆದೀತು? ಆ ಪಂಕ್ತಿಗೆ ಬರಲೊಪ್ಪದವರು ಸಾಯಂಕಾಲದ ಕುಣಿತಕ್ಕೆ ಬಂದು ಮುಂದಿನ ಕುರ್ಚಿಯಲ್ಲಿ ಕೂಡುವುದು ಬೇಡ.

ಎರಡು ಆಕ್ಷೇಪಗಳು

ನಮ್ಮ ಜಿಲ್ಲೆಯ ಕಲಾವಿದರಿಗೇ ಹೊಟ್ಟೆಗಿಲ್ಲದಿರುವಾಗ ಹೊರಗಿನವರನ್ನು ಕರೆಯುವುದೇತಕ್ಕೆಂದು ಕೆಲವರು ಹೇಳುವರು. ಇದರಲ್ಲಿನ ನೋವನ್ನು ನಾವು ಬಲ್ಲೆವು. ತೊಗಲು ಗೊಂಬೆಯಾಟದ ಮನೆತನಗಳು ಗೊಂಬೆಗಳ ಪೆಟ್ಟಿಗೆಯನ್ನು ಕಟ್ಟಿಟ್ಟು ಕೂಲಿಗೆ ಹೋಗುವ ಕಾಲವಿದು. ಆದರೆ ನಾವು ಸೂಚಿಸಿದ ದಿನದಲ್ಲಿ ಸಿದ್ದಿಗಳದು ಅತಿಥಿಯ ಸ್ಥಾನವು, ಮನೆಯೊಡೆಯರ ಸ್ಥಾನವು ಈ ಸೀಮೆಯ ಕಲಾವಿದರದೇ. ಅತಿಥಿಯು ಬರುವನೆಂದರೆ ಮನೆಯನ್ನು ಸಾರಿಸಿ ಗುಡಿಸುತ್ತೇವೆ, ಅಟ್ಟದ ಮೇಲಿನ ಪಾತ್ರೆಯನ್ನು ಇಳಿಸಿ ತೊಳೆಯುತ್ತೇವೆ. ಹಾಗೆಯೇ ಸಿದ್ದಿಗಳ ನೆಪದಿಂದಲಾದರೂ ನಮ್ಮ ಗೊಂಬೆಯವರ ಪೆಟ್ಟಿಗೆಯು ತೆರೆಯಲಿ, ಗಣೆಯವರಿಗೆ ಕರೆ ಹೋಗಲಿ, ತಾಂಡಾದ ಕಸೂತಿಗೆ ಬೆಲೆ ಸಿಗಲಿ.

ಸಿದ್ದಿಗಳಿಗೆ ಬೇಕಾದದ್ದು ಭೂಮಿ, ವಿದ್ಯೆ, ಉದ್ಯೋಗ. ಕುಣಿತ ಹಾಡುಗಳಿಂದ ಏನಾಗುವುದೆಂಬುದು ಎರಡನೆಯ ಆಕ್ಷೇಪವು. ಇದೂ ಅರ್ಧ ನಿಜವೇ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಧಾರವಾಡ ಬೆಳಗಾವಿ ಜಿಲ್ಲೆಗಳಲ್ಲಿರುವ ಅವರದೇ ನೆಂಟರಿಷ್ಟರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಒಂದು ಜಿಲ್ಲೆಯ ಗಡಿಗೆರೆಯನ್ನು ದಾಟಿದ ಮಾತ್ರಕ್ಕೆ ಅಣ್ಣನಿಗೆ ಇದ್ದ ಹಕ್ಕು ತಮ್ಮನಿಗೆ ಇಲ್ಲದೆ ಹೋಗಿತ್ತು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ತಾವು ಉತ್ತುಬಂದ ಭೂಮಿಗೆ ಪತ್ರ ಪಡೆಯಬೇಕೆಂಬುದು ಕಾಡಿನ ಅಂಚಿನ ಕುಟುಂಬಗಳ ಬಹುದಿನದ ಬೇಡಿಕೆಯು. 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲನೆಯ ಸಿದ್ದಿಯಾದರು. ಗುಜರಾತಿನ ಸಿದ್ದಿ ಹೆಂಗಸರಿಗಾಗಿ ದುಡಿದ ಹೀರಾಬಾಯಿ ಲೋಬಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಇವು ಯಾವುವೂ ಕುಣಿತದಿಂದ ಬಂದವುಗಳಲ್ಲ, ದುಡಿಮೆಯಿಂದಲೂ ಒತ್ತಾಯದಿಂದಲೂ ಬಂದವುಗಳು. ಆದರೆ ಅಲ್ಪಸಂಖ್ಯಾತರಾದ ಒಂದು ಜನಾಂಗದ ಕೂಗು ಬೆಂಗಳೂರಿನ ಕಛೇರಿಗಳಿಗೆ ಮುಟ್ಟಬೇಕಾದರೆ ಬಹುಸಂಖ್ಯಾತರಲ್ಲಿ ಅವರಿಗೆ ಸ್ನೇಹಿತರಿರಬೇಕು. ಒಮ್ಮೆ ನಮ್ಮ ಮನೆಯಲ್ಲಿ ಉಂಡು ಹೋದವರ ಭೂಮಿಯ ಅರ್ಜಿಯು ಮೂಲೆಗೆ ಬಿದ್ದಿದೆಯೆಂಬ ವರ್ತಮಾನವನ್ನು ಪತ್ರಿಕೆಯಲ್ಲಿ ಓದಿದಾಗ, ದುರ್ಗದ ಗೃಹಸ್ಥನು ಪುಟವನ್ನು ಮಗುಚಿ ಹಾಕಲಾರನು. ಅಪರಿಚಿತರ ಕಷ್ಟವು ಸುದ್ದಿಯಾಗಿಯೇ ಉಳಿಯುತ್ತದೆ, ಪರಿಚಿತರ ಕಷ್ಟವು ಮನೆಯ ಮಾತಾಗುತ್ತದೆ.

ವೆಚ್ಚವು ಹೆಚ್ಚಿನದೇನೂ ಅಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿ, ಹಾವೇರಿ, ದಾವಣಗೆರೆಗಳ ಮಾರ್ಗವಾಗಿ ಚಿತ್ರದುರ್ಗಕ್ಕೆ ಒಂದು ಹಗಲಿನ ಪ್ರಯಾಣವು. ಎರಡು ಬಸ್ಸು, ಒಂದು ಚಪ್ಪರ, ಒಂದು ಹೊತ್ತಿನ ಅಡಿಗೆ ಇಷ್ಟಕ್ಕೆ ನಾಲ್ಕು ತಾಲ್ಲೂಕುಗಳ ಪುರಸಭೆ, ನಗರಸಭೆಗಳೂ, ವರ್ತಕರೂ, ಮಠಗಳೂ, ಕನ್ನಡ ಸಂಘಗಳೂ ಕೈಗೂಡಿಸಿದರೆ ಸಾಕು. ಪಾಠಶಾಲೆಗಳ ಉಪಾಧ್ಯಾಯರು ಆ ತಿಂಗಳಿನಲ್ಲಿ ಒಂದು ಗಂಟೆಯನ್ನು ಮಲಿಕ್ ಅಂಬರನ ಕಥೆಗೂ, ಮತ್ತೊಂದು ಗಂಟೆಯನ್ನು ಶ್ರೀರಂಗಪಟ್ಟಣಕ್ಕೆ ಸೆರೆಹೋದ ದುರ್ಗದ ಬಾಲಕರ ಕಥೆಗೂ ಮೀಸಲಿಟ್ಟರೆ, ಮಕ್ಕಳು ಅತಿಥಿಗಳನ್ನು ಎದುರುಗೊಳ್ಳಲು ಸಿದ್ಧರಾಗಿರುವರು.

ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಲ್ಲಿ ನಿಂತು, ಹಿರಿಯೂರಿನ ತೋಟಗಳಿಗೂ ದುರ್ಗದ ಮನೆಗಳಿಗೂ ನೀರಾಗುತ್ತವೆ. 1933ರ ತರುವಾಯ 2022ರಲ್ಲಿ ಆ ಕಟ್ಟೆಯು ಕೋಡಿಬಿದ್ದಾಗ ನಾಲ್ಕು ತಾಲ್ಲೂಕುಗಳ ಜನರು ಮಕ್ಕಳುಮರಿಗಳೊಡನೆ ಹೋಗಿ ಕಣ್ಣುತುಂಬ ನೋಡಿ ಬಂದರು. ಬೊಗಸೆಯಲ್ಲಿ ಹಿಡಿದ ಆ ನೀರಿನಲ್ಲಿ ವೇದೆಯದೆಷ್ಟು, ಆವತಿಯದೆಷ್ಟೆಂದು ಕೇಳಿದವರಿಲ್ಲ. ಕನ್ನಡವೆಂಬ ಕೆರೆಗೂ ಹಲವು ಹಳ್ಳಗಳ ನೀರು ಬಂದು ಸೇರಿದೆ. ಅವುಗಳಲ್ಲಿ ಒಂದು ಬಹು ದೂರದಿಂದ, ಸಮುದ್ರದ ಆಚೆಯಿಂದ, ಸಂಕೋಲೆಗಳ ನಡುವಿನಿಂದ ಹರಿದುಬಂದದ್ದು.

ಮಹಾಜನರು ಈ ಸೂಚನೆಯನ್ನು ಕುರಿತು ತಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಅನುಕೂಲವಾದವುಗಳನ್ನೂ ಪ್ರತಿಕೂಲವಾದವುಗಳನ್ನೂ ಸಮನಾಗಿ ಪ್ರಕಟಿಸುವೆವು. ಯಾವ ಊರಿನವರು ಮೊದಲು ಮುಂದೆ ಬರುವರೋ, ಆ ಊರಿನ ಪಂಕ್ತಿಯಲ್ಲಿ ನಮ್ಮ ಪತ್ರಿಕೆಯ ಸಿಬ್ಬಂದಿಯವರೂ ತಮ್ಮ ಕುಟುಂಬಗಳೊಡನೆ ಬಂದು ಕುಳಿತುಕೊಳ್ಳುವರು.